ತರಗತಿಗೊಂದು ಕಾದಂಬರಿ: ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಕಲಿಕೆ

ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಇಂದು ಸ್ಪ್ಯಾನಿಷ್ ಭಾಷೆಯನ್ನೂ ಕಲಿಸುತ್ತಾರೆ. ಈ ಸಂಸ್ಥೆಯ ಆರಂಭಕಾಲದೊಂದಿಗೆ ಕನ್ನಡದ ಹೆಸರೊಂದು ಬೆರೆತಿದೆ ಎಂಬುದು ಹೊರನಾಡಿನ ನಮ್ಮಲ್ಲಿ ಹಲವರಿಗೆ ಮರೆತೇಹೋಗಿದೆ. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಾಗಿ ಇದು ಹುಟ್ಟಿದಾಗ, ಅದರ ಮೊದಲ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ವಿ. ಕೃ. ಗೋಕಾಕರು. 1972ರಲ್ಲಿ ವಿದೇಶಿ ಭಾಷೆಗಳು ಸೇರಿ ಸಂಸ್ಥೆಯ ಹೆಸರು ಹಿಗ್ಗಿತು. 2007ರಲ್ಲಿ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಇಂಗ್ಲಿಷ್ ಬೋಧನೆಯ ಸಂಸ್ಥೆಯನ್ನು ನಡೆಸಿದ ಅದೇ ಗೋಕಾಕರು 1981ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತ ವರದಿಯನ್ನು ನೀಡಿದರು. ಈ ಎರಡು ಕೆಲಸಗಳಲ್ಲಿ ವಿರೋಧವಿದೆ ಎಂದು ಮೊದಲು ನಮಗೆ ತೋರಿತ್ತು. ಸ್ಪ್ಯಾನಿಷ್ ಕಲಿಯತೊಡಗಿದ ಮೇಲೆ ಹಾಗೆ ತೋರುತ್ತಿಲ್ಲ.

ತರಗತಿಯಲ್ಲಿ ಯಾವ ಭಾಷೆಯ ಯಾವ ಪುಸ್ತಕವಿರಬೇಕು ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. 1917ರಲ್ಲಿ ನಿಜಾಮರ ಸರ್ಕಾರ ಇಲ್ಲಿ ಅನುವಾದ ಕಚೇರಿಯೊಂದನ್ನು ತೆರೆಯಿತು. ಮರುವರ್ಷ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬೇಕಾದ ವಿಜ್ಞಾನ, ಇತಿಹಾಸ, ಕಾನೂನುಗಳ ಪಠ್ಯಗಳನ್ನು ಉರ್ದುವಿಗೆ ತರುವುದು ಅದರ ಹೊಣೆ. ವಸಾಹತು ಕಾಲದಲ್ಲಿ ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ್ದು ದೊಡ್ಡ ಸಾಹಸವೇ ಸರಿ. ಆದರೆ ಕಲಬುರಗಿ, ರಾಯಚೂರು, ಬೀದರಗಳಿಂದ ಬಂದ ಕನ್ನಡದ ಹುಡುಗನ ಪಾಲಿಗೆ ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು, ಕಡ್ಡಾಯವಾಗಿ ಓದಬೇಕಾದ ಇಂಗ್ಲಿಷ್ ಮತ್ತೊಂದು. 1948ರ ನಂತರ ಪಾಠದ ಮಾತು ಇಂಗ್ಲಿಷಿಗೆ ಬದಲಾಯಿತು. ಹುಡುಗನ ಕನ್ನಡ ಮಾತ್ರ ಮೊದಲಿನಂತೆಯೇ ತರಗತಿಯ ಬಾಗಿಲಾಚೆ ಉಳಿಯಿತು.

ಸ್ಪ್ಯಾನಿಷ್ ಸಾಹಿತ್ಯವೂ ನಮಗೆ ದಕ್ಕಿದ್ದು ಇಂಗ್ಲಿಷಿನ ಬಾಗಿಲಿನಿಂದಲೇ. ಮಾರ್ಕ್ವೆಜರ ‘ನೂರು ವರ್ಷಗಳ ಏಕಾಂತ’ 1967ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪ್ರಕಟವಾಯಿತು. ಗ್ರೆಗರಿ ರಬಾಸ 1970ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು, ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರು ಬಲ್ಲದ್ದು ಆ ಇಂಗ್ಲಿಷ್ ಕಾದಂಬರಿಯನ್ನು. ಆ ಇಂಗ್ಲಿಷನ್ನು ದಾಟಿ ಮೂಲವನ್ನು ಓದಬೇಕೆಂಬ ಹಟದಿಂದ, ನಲವತ್ತು ದಾಟಿದ ವಯಸ್ಸಿನಲ್ಲಿ, ಕಚೇರಿಯ ಕೆಲಸ ಮುಗಿಸಿ ಸಂಜೆಯ ತರಗತಿಗೆ ಸೇರಿದೆವು.

ಅಲ್ಲಿ ನಮಗೆ ನೆರವಾದದ್ದು ಎಂ.ಎ. ಪದವಿಗಿಂತ ಹೆಚ್ಚಾಗಿ ಮನೆಯ ಕನ್ನಡ. ‘ನನಗೆ ಕಾಫಿ ಇಷ್ಟ’ ಎನ್ನುವಾಗ ಇಷ್ಟಪಡುವವನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. ಸ್ಪ್ಯಾನಿಷಿನ ‘ಮೆ ಗುಸ್ತಾ ಎಲ್ ಕಫೆ’ಯ ಕಟ್ಟಣೆಯೂ ಅಂಥದೇ. ‘ಮಾತಾಡುತ್ತೇನೆ’ ಎಂದರೆ ‘ನಾನು’ ಎಂದು ಬೇರೆ ಹೇಳಬೇಕಿಲ್ಲ. ‘ಆಬ್ಲೊ’ ಎಂದರೂ ಅಷ್ಟೆ. ಇಂಗ್ಲಿಷಿನ ಒಂದೇ ‘ಇಸ್’ ಇರುವೆಡೆ ಸ್ಪ್ಯಾನಿಷಿನಲ್ಲಿ ‘ಸೆರ್’, ‘ಎಸ್ತಾರ್’ ಎಂಬ ಎರಡು ಧಾತುಗಳಿವೆ. ‘ಅವರು ಮೇಷ್ಟ್ರು’ ಎನ್ನುವಲ್ಲಿ ಕ್ರಿಯಾಪದವೇ ಬೇಡದ, ‘ಅವರು ಮನೆಯಲ್ಲಿದ್ದಾರೆ’ ಎನ್ನುವಲ್ಲಿ ‘ಇರು’ ಬೇಕಾದ ಕನ್ನಡಿಗನ ಕಿವಿಗೆ ಈ ಭೇದದ ಸುಳಿವು ಬೇಗ ಸಿಗುತ್ತದೆ. ‘ತು’, ‘ಉಸ್ತೆದ್’ಗಳಂತೂ ನಮ್ಮ ‘ನೀನು’, ‘ನೀವು’ಗಳ ನೆಂಟರು. ಇಂಗ್ಲಿಷ್ ಅನುವಾದದಲ್ಲಿ ಎರಡೂ ಒಂದಾಗಿ, ಮಾತಿನೊಳಗಿನ ಸಲಿಗೆ ಮತ್ತು ದೂರಗಳು ಮಸುಕಾಗುತ್ತವೆ.

ಎರಡನೆಯ ವರ್ಷದಲ್ಲಿ, ಎಲ್ಲರೂ ಕೂಡಿ ಓದಲು ಒಂದು ಕಾದಂಬರಿಯನ್ನು ನೀವೇ ಆರಿಸಿ ಎಂದು ಅಧ್ಯಾಪಕರು ಹೇಳಿದರು. ಮೊದಲು ಬಂದ ಹೆಸರು, ನಿರೀಕ್ಷೆಯಂತೆ, ಸೆರ್ವಾಂಟೆಸನ ‘ದೊನ್ ಕಿಹೋತೆ’. 1605 ಮತ್ತು 1615ರಲ್ಲಿ ಬಂದ ಎರಡು ಭಾಗಗಳು ಸೇರಿ 126 ಅಧ್ಯಾಯಗಳು. ನಾಲ್ಕು ನೂರು ವರ್ಷ ಹಳೆಯ ಗದ್ಯ. ಕನ್ನಡ ಕಲಿಯುವವನ ಕೈಗೆ ಮೊದಲ ಪುಸ್ತಕವಾಗಿ ‘ವಡ್ಡಾರಾಧನೆ’ಯನ್ನು ಕೊಟ್ಟಂತೆ ಎಂದು ಕೈಬಿಟ್ಟೆವು. 1554ರ ‘ಲಸಾರಿಯೊ ದೆ ತೊರ್ಮೆಸ್’ ಪುಟ್ಟದು. ಕುರುಡ ಭಿಕ್ಷುಕನ ಕೈಹಿಡಿದು ನಡೆಸುವ ಬಡ ಹುಡುಗನ ಆತ್ಮಕಥೆಯ ರೂಪದ್ದು. ಬರೆದವನ ಹೆಸರಿಲ್ಲದ ಈ ಪುಸ್ತಕವನ್ನು 1559ರಲ್ಲಿ ಸ್ಪೇನಿನ ಧರ್ಮಾಧಿಕಾರಿಗಳು ನಿಷೇಧಿಸಿದ್ದರು. ಮನಸ್ಸು ಅತ್ತ ಎಳೆಯಿತು, ಆದರೆ ಇದೂ ಹಳೆಯ ಭಾಷೆ. ಕಾರ್ಲೊಸ್ ಫುಯೆಂತೆಸರ ‘ಔರಾ’ (1962) ಇಡಿಯಾಗಿ ‘ನೀನು’ ಎಂಬ ಸಂಬೋಧನೆಯಲ್ಲಿದ್ದು, ಭವಿಷ್ಯತ್ಕಾಲದ ಕ್ರಿಯಾಪದಗಳಿಂದ ತುಂಬಿದೆ. ವ್ಯಾಕರಣದ ಅಭ್ಯಾಸಕ್ಕೆ ಸೊಗಸು. ಆದರೆ ಅದರ ಮಾಯಾಲೋಕದಲ್ಲಿ ನಮಗೆ ದಾರಿ ತಪ್ಪುತ್ತಿತ್ತು.

ಕೊನೆಗೆ ನಿಂತದ್ದು ಮಾರ್ಕ್ವೆಜರ ಕಿರು ಕಾದಂಬರಿ, ‘ಕರ್ನಲನಿಗೆ ಯಾರೂ ಕಾಗದ ಬರೆಯುವುದಿಲ್ಲ’. ಪ್ಯಾರಿಸಿನಲ್ಲಿ ಕಷ್ಟದ ದಿನಗಳಲ್ಲಿ ಬರೆದದ್ದು; 1958ರಲ್ಲಿ ಪತ್ರಿಕೆಯೊಂದರಲ್ಲಿ, 1961ರಲ್ಲಿ ಪುಸ್ತಕವಾಗಿ ಬಂತು. ಹಳೆಯ ಯುದ್ಧದ ಮುದಿ ಕರ್ನಲ್ ಪ್ರತಿ ಶುಕ್ರವಾರ ಅಂಚೆಯ ದೋಣಿಯನ್ನು ಎದುರುಗೊಳ್ಳಲು ಹೋಗುತ್ತಾನೆ. ಬರಬೇಕಾದ ಪಿಂಚಣಿಯ ಕಾಗದ ಬರುವುದಿಲ್ಲ. ವಾಕ್ಯಗಳು ಚಿಕ್ಕವು, ಕಾಫಿ, ಮಳೆ, ಹುಂಜ, ಗಡಿಯಾರ, ಸಾಲ ಎಂಬ ದಿನಬಳಕೆಯ ಮಾತುಗಳು ಮತ್ತೆ ಮತ್ತೆ ಬರುತ್ತವೆ. ದಿನವೂ ಕಡತಗಳ ನಡುವೆ ಕೂರುವ ನಮಗೆ ಆ ದೋಣಿಕಟ್ಟೆ ಅಪರಿಚಿತವಾಗಲಿಲ್ಲ. ನಮ್ಮ ಮೇಜಿನ ಮುಂದೆ ನಿಂತು ‘ನನ್ನ ಫೈಲು ಎಲ್ಲಿದೆ ಸ್ವಾಮಿ’ ಎಂದು ಕೇಳಿದ ವೃದ್ಧರ ಮುಖಗಳು ಪುಟಪುಟದಲ್ಲೂ ಎದುರಾದವು. ಅವರಲ್ಲಿ ಕೆಲವರನ್ನು ‘ಮುಂದಿನ ವಾರ ಬನ್ನಿ’ ಎಂದು ಕಳುಹಿಸಿದವರು ನಾವೇ. ಕಾದಂಬರಿಯ ಕಟ್ಟಕಡೆಯ ಪದ ಒಂದು ಬೈಗುಳ. ಅದನ್ನು ನಿಘಂಟಿನಲ್ಲಿ ಹುಡುಕಬೇಕಾಗಲಿಲ್ಲ. ತರಗತಿಯಲ್ಲಿ ಯಾರೂ ನಗಲೂ ಇಲ್ಲ.

ಅಂದು ಮನೆಗೆ ಮರಳುವಾಗ ಬೇರೊಂದು ಯೋಚನೆ ಕಾಡಿತು. ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಆಡುತ್ತಾರೆ, ಆದರೆ ಓದಲಾರರು. ಕಾಚಿಗುಡದ ನೃಪತುಂಗ ಶಾಲೆಯಂಥ ಸಂಸ್ಥೆಗಳು ಇಲ್ಲಿ ಕನ್ನಡವನ್ನು ಉಳಿಸಲು ಶ್ರಮಿಸಿದ್ದರೂ, ನಾವು ಬಹುಮಂದಿ ಮಕ್ಕಳನ್ನು ಬೇರೆಡೆಗೆ ಕಳುಹಿಸಿದ್ದೇವೆ. ಅವರಿಗೆ ಓದಿಸಬೇಕೆಂದಾಗಲೆಲ್ಲ ನಾವು ಕಪಾಟಿನಿಂದ ತೆಗೆದದ್ದು ನಮಗೆ ಅಭಿಮಾನ ತರುವ ದಪ್ಪ ಗ್ರಂಥಗಳನ್ನು. ನಮ್ಮ ಪಾಲಿಗೆ ‘ದೊನ್ ಕಿಹೋತೆ’ ಬೇಡವೆಂದ ನಾವು, ಮಕ್ಕಳ ಮುಂದೆ ಮಾತ್ರ ಅಂಥದನ್ನೇ ಇಡುತ್ತ ಬಂದಿದ್ದೆವು. ಕಲಿಯುವವನ ಶಕ್ತಿಗೂ ಅನುಭವಕ್ಕೂ ಎಟುಕುವ ಪುಸ್ತಕ ಬೇಕು, ಅವನ ಮನೆಮಾತು ತರಗತಿಯೊಳಗೆ ಬರಬೇಕು ಎಂಬುದು ಸ್ಪ್ಯಾನಿಷಿಗೆ ಸಲ್ಲುವುದಾದರೆ ಕನ್ನಡಕ್ಕೂ ಸಲ್ಲಬೇಕು. ಗೋಕಾಕರ ಎರಡು ಕೆಲಸಗಳು ನಮ್ಮ ಮನಸ್ಸಿನಲ್ಲಿ ಒಂದಾದದ್ದು ಇಲ್ಲಿ.

ಈಗ ಭಾನುವಾರಗಳಂದು ತೇಜಸ್ವಿಯವರ ‘ಕರ್ವಾಲೊ’ವನ್ನು ಮಕ್ಕಳೊಂದಿಗೆ ಓದುತ್ತಿದ್ದೇವೆ. ದಿನಕ್ಕೆ ಎರಡು ಪುಟ, ಅಕ್ಷರಕ್ಕೆ ಬೆರಳಿಟ್ಟು. ಹಾರುವ ಓತಿ ಸಿಕ್ಕಿತೇ ಎಂದು ಅವರು ಕೇಳುತ್ತಾರೆ. ಮುಂದೆ ಓದಿ ನೋಡಿ ಎನ್ನುತ್ತೇವೆ.