ಅವ್ವನ ಬಾಣಲೆ, ಹಿಂಜವಾಡಿಯ ಒಲೆ: ಹುರಿಯುವ ಪಾತ್ರೆಯ ಸಣ್ಣ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಕಂಪನಿ ಬಸ್ಸಲ್ಲಿ ಕೂತು ಓದೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಹಿಂಜವಾಡಿಗೆ ಬಂದ ಮೊದಲ ವಾರ ಅವ್ವ ಕಟ್ಟಿ ಕಳಿಸಿದ್ದ ಕಬ್ಬಿಣದ ಬಾಣಲೆಯನ್ನ ಇಂಡಕ್ಷನ್ ಮೇಲಿಟ್ಟೆ. ಬಾಣಲೆ ಬುಗುರಿ ಥರ ಓಲಾಡಿತು. ಒಲೆಗೆ ಮೇಲೆ ಪಾತ್ರೆ ಇದೆ ಅನ್ನೋದೇ ಗೊತ್ತಾಗದೆ ಬೀಪ್ ಅಂತ ಆಫ್ ಆಯ್ತು. ಮರುದಿನ ಒಂದು ನಾನ್‌ಸ್ಟಿಕ್ ತಂದೆ. ಕೆಲವೇ ತಿಂಗಳಲ್ಲಿ ಸ್ಟೀಲ್ ಚಮಚ ತಾಗಿ ಅದರ ಕರಿ ಪದರ ಪಲ್ಯದಲ್ಲಿ ಕಾಣಿಸ್ತು. ಅವ್ವನ ಬಾಣಲೆ ಕಪಾಟಿಗೆ ಹೋಗಿದ್ದು ಯಾಕೆ ಅಂತ ಹುಡುಕ್ತಾ ಹೋದಾಗ ಒಂದು ಮಾತು ಸ್ಪಷ್ಟವಾಯ್ತು: ಬಾಣಲೆಯ ಇತಿಹಾಸ ಅಂದ್ರೆ ಅಸಲಿಗೆ ಒಲೆಯ ಇತಿಹಾಸ.

ಕಬ್ಬಿಣ ನಮಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದಲ್ಲಿ, ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಕಬ್ಬಿಣದ ಕಾಲ ಸುಮಾರು ಕ್ರಿ.ಪೂ. 1000. ಸಿಕ್ಕಿದ್ದು ಬಾಣದ ಮೊನೆಯಂಥವು, ಬಾಣಲೆಯಲ್ಲ. ಆದ್ರೆ ಕಬ್ಬಿಣ ಕಾಯಿಸಿ ಬಡಿಯುವ ವಿದ್ಯೆ ಈ ನೆಲದಲ್ಲಿ ಎಷ್ಟು ಹಳೆಯದು ಅನ್ನೋದಕ್ಕೆ ಅದು ಸಾಕ್ಷಿ.

ತಳ ಯಾಕೆ ಗುಂಡಗೆ? ಮಣ್ಣಿನ ಒಲೆಗೆ ಮೂರು ಗುಬ್ಬಿ ಇರುತ್ತೆ, ಅದರ ಮೇಲೆ ಗುಂಡು ತಳ ಅಲುಗಾಡದೆ ಕೂರುತ್ತೆ. ಸೌದೆಯ ಉರಿ ಪಕ್ಕಕ್ಕೂ ಹಬ್ಬಿ ಇಡೀ ಬಾಣಲೆ ಕಾಯುತ್ತೆ. ಹಾಕಿದ ಸ್ವಲ್ಪ ಎಣ್ಣೆಯೂ ನಡುವಿಗೆ ಇಳಿಯುತ್ತೆ. ಚೀನಾದ ವೋಕ್ ಕೂಡ ಇದೇ ಲೆಕ್ಕದ್ದು. ನಮ್ಮ ಕಾಸರಗೋಡಿನವರು ಗಮನಿಸಿರಬಹುದು, ಮಲಯಾಳದಲ್ಲಿ ಬಾಣಲೆಗೆ 'ಚೀನಚಟ್ಟಿ' ಅಂತಾರೆ, ಅಂದ್ರೆ ಚೀನಾದ ಚಟ್ಟಿ. ಹಳೆಯ ಕಡಲ ವ್ಯಾಪಾರದ ನೆನಪು ಆ ಹೆಸರಲ್ಲೇ ಇದ್ದಂತಿದೆ. 1987ರಲ್ಲಿ ಪತ್ತೆಯಾಗಿ 2007ರಲ್ಲಿ ಮೇಲೆತ್ತಿದ 'ನಾನ್‌ಹಾಯ್-1' ಅನ್ನೋ ಸಾಂಗ್ ಕಾಲದ ಚೀನೀ ಹಡಗಿನಲ್ಲಿ ಪಿಂಗಾಣಿಯ ಜೊತೆಗೆ ಕಬ್ಬಿಣದ ಬಾಣಲೆಗಳ ರಾಶಿಯೂ ಸಿಕ್ಕಿತು.

ಆಮೇಲೆ ಒಲೆ ಬದಲಾಯ್ತು. 1965ರಲ್ಲಿ ಇಂಡೇನ್ ಸಿಲಿಂಡರ್ ಬಂತು, ನಿಧಾನಕ್ಕೆ ಊರೂರಿಗೆ ತಲುಪಿತು. ಗ್ಯಾಸಿನ ಉರಿ ತಳದಲ್ಲಷ್ಟೇ, ಒಂದು ಉಂಗುರದಷ್ಟು. ಹಗುರ, ಅಗ್ಗ, ತುಕ್ಕು ಹಿಡಿಯದ ಅಲ್ಯೂಮಿನಿಯಂ ಅಲ್ಲಿ ಗೆದ್ದಿತು. ಅದು ಎರಕದ ಕಬ್ಬಿಣಕ್ಕಿಂತ ನಾಲ್ಕು ಪಟ್ಟಿನಷ್ಟು ಚೆನ್ನಾಗಿ ಶಾಖ ಹರಡುತ್ತೆ. ಟೆಫ್ಲಾನ್ ಅಂತೂ ಆಕಸ್ಮಿಕ. 1938ರಲ್ಲಿ ಅಮೆರಿಕದ ಡುಪಾಂಟ್‌ನಲ್ಲಿ ಫ್ರಿಜ್ಜಿನ ಅನಿಲ ಹುಡುಕ್ತಿದ್ದ ರಾಯ್ ಪ್ಲಂಕೆಟ್‌ಗೆ ಸಿಲಿಂಡರಿನೊಳಗೆ ಜಾರುವ ಬಿಳಿ ಪುಡಿ ಸಿಕ್ಕಿತು. 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನ ಅಲ್ಯೂಮಿನಿಯಂ ಪಾತ್ರೆಗೆ ಅಂಟಿಸಿದ. ಆದ್ರೆ 260 ಡಿಗ್ರಿ ದಾಟಿದ್ರೆ ಆ ಪದರ ಹಾಳಾಗೋಕೆ ಶುರು. ಜೋರು ಉರಿಯಲ್ಲಿ ಖಾಲಿ ಪಾತ್ರೆ ಅಷ್ಟು ಕಾಯೋಕೆ ಕೆಲವೇ ನಿಮಿಷ ಸಾಕು.

ಪುಣೆಯ ಕಸಬಾ ಪೇಠದ ತಾಂಬಟ್ ಆಳಿ ನೋಡಿದೀರಾ? ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವವರ ಓಣಿ ಅದು. ಶಾಖ ಹರಡೋದ್ರಲ್ಲಿ ತಾಮ್ರಕ್ಕೆ ಸಾಟಿಯಿಲ್ಲ. ಆದ್ರೆ ಒಳಗೆ ಕಲಾಯಿ ಬೇಕು, ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತೆ. ಹಾಗಾಗಿ ಜೋರು ಉರಿಯ ಹುರಿತಕ್ಕೆ ಅದೂ ಅಲ್ಲ.

ಈಗ ನಮ್ಮ ಫ್ಲ್ಯಾಟಿಗೆ ಬರೋಣ. ಹೋಟೆಲಿನ ಗೋಬಿಯ ರುಚಿ ಮನೇಲಿ ಯಾಕೆ ಬರಲ್ಲ? ಚೈನೀಸ್ ಹೋಟೆಲಿನ ಬರ್ನರ್ 20 ಕಿಲೋವ್ಯಾಟ್ ದಾಟಬಹುದು, ನಮ್ಮದು ಸುಮಾರು 2. ಬಾಣಲೆಗೆ 1 ಕಿಲೋವ್ಯಾಟ್ ಶಾಖ ಸೇರಿದ್ರೆ ನಿಮಿಷಕ್ಕೆ ಸುಮಾರು 25 ಗ್ರಾಂ ನೀರಷ್ಟೇ ಆವಿಯಾಗೋದು. ಅರ್ಧ ಕಿಲೋ ಹೂಕೋಸು ಒಟ್ಟಿಗೆ ಸುರಿದ್ರೆ ಅದು ಹುರಿಯಲ್ಲ, ತನ್ನದೇ ನೀರಲ್ಲಿ ಬೇಯುತ್ತೆ. ಹಾಗಾಗಿ ನಮ್ಮ ಒಲೆಗೆ ಶಾಖ ಕೂಡಿಟ್ಟುಕೊಳ್ಳುವ ಪಾತ್ರೆ ಬೇಕು. ಅಂದ್ರೆ ತುಸು ದಪ್ಪ ಕಬ್ಬಿಣ, ಚೆನ್ನಾಗಿ ಕಾಯಿಸಿ, ತರಕಾರಿ ಎರಡು ಕಂತಲ್ಲಿ.

ಗ್ಯಾಸ್ ಇದ್ರೆ ಊರಿನ ಗುಂಡು ಬಾಣಲೆಯೇ ಸಾಕು. ಇಂಡಕ್ಷನ್ ಆದ್ರೆ ಚಪ್ಪಟೆ ತಳದ ಕಬ್ಬಿಣದ್ದು ತಗೊಳ್ಳಿ. ನಾನ್‌ಸ್ಟಿಕ್ ಸಣ್ಣ ಉರಿಯ ಮೊಟ್ಟೆಗೆ ಇರಲಿ. ಹುಣಸೆ, ಟೊಮೆಟೊ ಹಾಕಿದ ಅಡುಗೆಯನ್ನ ಕಬ್ಬಿಣದಲ್ಲಿ ಇಟ್ಟು ಮಲಗಬೇಡಿ, ಕಪ್ಪಾಗುತ್ತೆ. ತೊಳೆದ ಮೇಲೆ ಒಲೆ ಮೇಲಿಟ್ಟು ಒಣಗಿಸಿ ಎಣ್ಣೆ ಸವರಿ.

ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15–49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57% ಜನಕ್ಕೆ ರಕ್ತಹೀನತೆ. ಬಾಣಲೆ ಔಷಧಿಯಲ್ಲ, ನಿಜ. ಆದ್ರೆ ಕಬ್ಬಿಣದ ಪಾತ್ರೆಯಿಂದ ಅಡುಗೆಗೆ ಒಂದಿಷ್ಟು ಕಬ್ಬಿಣ ಇಳಿಯುತ್ತೆ. ಅದನ್ನ ಕಪಾಟಿಗೆ ಹಾಕಿದಾಗ ಜೊತೆಗೆ ಏನು ಹೋಯ್ತು ಅಂತ ನಾವ್ಯಾರೂ ಲೆಕ್ಕ ಇಡಲಿಲ್ಲ.

ನಾನೀಗ ಗ್ಯಾಸ್ ಕನೆಕ್ಷನ್ ತಗೊಂಡಿದೀನಿ. ಅವ್ವನ ಬಾಣಲೆಯ ತುಕ್ಕು ಉಜ್ಜೋಕೆ ಒಂದು ಭಾನುವಾರ ಪೂರ್ತಿ ಹೋಯ್ತು. ನಿಮ್ಮ ಮನೇಲಿ ಇದಕ್ಕೆ ಬಾಣಲೆ ಅಂತಾರೋ, ಬಾಂಡ್ಲಿ ಅಂತಾರೋ, ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.