ಮುಂದಾಳು ಬದಲಾದಾಗ ಮೇಳ: ಹಗರಿಬೊಮ್ಮನಹಳ್ಳಿಯ ಒಂದು ಜೋಗತಿ ಪರಂಪರೆ

ರಾಜವಂಶಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ಉತ್ತರಾಧಿಕಾರವು ಚಿರಪರಿಚಿತವಾದ ಸಮಸ್ಯೆ. ಒಬ್ಬ ಅರಸನು ಗತಿಸಿ ಮತ್ತೊಬ್ಬನು ಪಟ್ಟವೇರಿದಾಗ ರಾಜ್ಯದಲ್ಲಿ ಉಳಿದುದೇನು, ಅಳಿದುದೇನು ಎಂಬುದನ್ನು ಶಾಸನಗಳಿಂದಲೂ ದಾನಪತ್ರಗಳಿಂದಲೂ ನಿರ್ಣಯಿಸುತ್ತೇವೆ. ಹಾಡಿ ಕುಣಿದು ಬಾಳುವ ಕಲಾಮೇಳಗಳಿಗೂ ಇದೇ ಸಮಸ್ಯೆಯುಂಟು. ಮೇಳದ ಮುಖ್ಯ ಗಾಯಕಿ ತೀರಿಹೋದ ಮೇಲೆ ಅದೇ ಹೆಸರಿನಿಂದ, ಅದೇ ವಾದ್ಯಗಳೊಡನೆ ಮತ್ತೊಬ್ಬರು ಮುಂದೆ ನಿಂತು ಹಾಡಿದರೆ ಅದು ಹಳೆಯ ಮೇಳವೆ, ಹೊಸದೆ? ಅದರ ಕಲಾಸತ್ತ್ವವು ಯಾವುದರಲ್ಲಿ ನೆಲೆಸಿರುತ್ತದೆ? ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ಮೇಳವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಮೇಳದ ರಚನೆಯನ್ನು ತಿಳಿಯಬೇಕು. ಸವದತ್ತಿಯ ಎಲ್ಲಮ್ಮ ಹಾಗೂ ತುಂಗಭದ್ರೆಯ ದಂಡೆಯಲ್ಲಿರುವ ಹುಲಿಗಿಯ ಹುಲಿಗೆಮ್ಮ, ಈ ಇಬ್ಬರು ದೇವತೆಗಳ ಸೇವೆಗೆ ಮುತ್ತು ಕಟ್ಟಿಸಿಕೊಂಡವರು ಜೋಗತಿಯರು. ಗಂಡಾಗಿ ಹುಟ್ಟಿ ಹೆಣ್ಣಿನ ಭಾವವನ್ನು ತಾಳಿ ದೇವಿಯ ಸೇವೆಗೆ ಬಂದವರನ್ನು ಜೋಗಪ್ಪ ಎಂದೂ ಜೋಗತಿ ಎಂದೂ ಜನರು ಕರೆಯುತ್ತಾರೆ. ಮೇಳದಲ್ಲಿ ಮುಂದಾಳು ಚೌಡಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಅದರ ತಂತಿಯನ್ನು ಮೀಟುತ್ತ ಸೊಲ್ಲನ್ನು ಎತ್ತುತ್ತಾಳೆ. ಒಂಟಿತಂತಿಯ ಶ್ರುತಿವಾದ್ಯ ಹಿಡಿದವಳೂ ತಾಳ ಹಾಕುವವಳೂ ಆ ಸೊಲ್ಲನ್ನು ಪಡೆದು ಹಿಂದಿರುಗಿಸುತ್ತಾರೆ. ಪದದ ನಡುನಡುವೆ ಮಾತು ಬರುತ್ತದೆ. ಹಿಮ್ಮೇಳದವಳು ಪ್ರಶ್ನೆ ಹಾಕಿದರೆ ಮುಂದಾಳು ಉತ್ತರ ಕೊಟ್ಟು ಕಥೆಯನ್ನು ಬೆಳೆಸುತ್ತಾಳೆ. ತಲೆಯ ಮೇಲೆ ಕೊಡವನ್ನೋ ದೇವಿಯ ಮೂರ್ತಿಯುಳ್ಳ ಬುಟ್ಟಿಯನ್ನೋ ಹೊತ್ತು, ಕೈಯ ಆಸರೆಯಿಲ್ಲದೆ ಕುಣಿಯುವುದು ಇದರ ಇನ್ನೊಂದು ಅಂಗ. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯೇ ಇವರ ಮುಖ್ಯ ವಸ್ತು. ಎಲ್ಲಮ್ಮನಾಟವೆಂಬ ಹೆಸರಿನಲ್ಲಿ ಅದು ಇರುಳೆಲ್ಲ ನಡೆಯುವ ಆಟವೂ ಆಗುತ್ತದೆ.

ಕಾಳವ್ವ ಜೋಗತಿಯವರು ಇಂತಹ ಮೇಳವೊಂದರ ಮುಂದಾಳಾಗಿದ್ದರು. ಇವರ ಮೇಳವನ್ನು ಸೇರಿ ಮುಂದೆ ಅದರ ಹೊಣೆಯನ್ನು ಹೊತ್ತವರು ಮಂಜಮ್ಮ ಜೋಗತಿಯವರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದ ಇವರಿಗೆ ೧೯೭೫ರಲ್ಲಿ ಹುಲಿಗೆಮ್ಮನ ಗುಡಿಯಲ್ಲಿ ದೀಕ್ಷೆಯಾಯಿತು. ಮನೆಯ ಆಶ್ರಯ ತಪ್ಪಿದ ಮೇಲೆ ಭಿಕ್ಷೆಯಿಂದ ಬದುಕುತ್ತಿದ್ದ ಇವರು ದಾವಣಗೆರೆಯಲ್ಲಿ ತಂದೆ ಹಾಡುತ್ತಿರಲು ಮಗ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು, ಅವರಿಂದ ಆ ಕುಣಿತವನ್ನು ಕಲಿತರು. ಅನಂತರ ಹಗರಿಬೊಮ್ಮನಹಳ್ಳಿಯಲ್ಲಿ ಕಾಳವ್ವನವರ ಮೇಳಕ್ಕೆ ಬಂದರು. ಮೊದಲು ಸಣ್ಣ ಪಾತ್ರಗಳು, ಬಳಿಕ ಮುಖ್ಯ ಪಾತ್ರಗಳು, ಕಾಳವ್ವನವರ ಕಾಲಾನಂತರ ಮೇಳದ ನಾಯಕತ್ವ: ಈ ಕ್ರಮದಲ್ಲಿ ಅವರು ಮುಂದೆ ಬಂದರು.

ಈ ಕ್ರಮವು ಗಮನಾರ್ಹವಾದುದು. ಕಾಳವ್ವನವರಿಗೂ ಮಂಜಮ್ಮನವರಿಗೂ ರಕ್ತಸಂಬಂಧವಿರಲಿಲ್ಲ. ಇಲ್ಲಿ ಹಕ್ಕನ್ನು ಕೊಟ್ಟುದು ಹಿಮ್ಮೇಳದಲ್ಲಿ ಕಳೆದ ಕಾಲ. ಮುಂದಾಳಿನ ಸೊಲ್ಲಿಗೆ ಸೊಲ್ಲು ಕೂಡಿಸಿ ವರ್ಷಗಟ್ಟಲೆ ನಿಂತವರಿಗೆ ಕಥೆಯ ಯಾವ ಎಡೆಯಲ್ಲಿ ಪದ ನಿಲ್ಲಬೇಕು, ಎಲ್ಲಿ ಮಾತು ಮೊದಲಾಗಬೇಕು, ನೆರೆದ ಜನ ಬೇಸತ್ತಾಗ ಹಾಸ್ಯವನ್ನು ಎಲ್ಲಿ ತರಬೇಕು ಎಂಬುದು ಹೇಳಿಸಿಕೊಳ್ಳದೆ ತಿಳಿದಿರುತ್ತದೆ. ಮುಂದಾಳಿನ ಕಂಠ ಅವಳೊಡನೆ ಹೋಗುತ್ತದೆ. ಈ ತಿಳಿವಳಿಕೆ ಮೇಳದಲ್ಲಿ ಉಳಿಯುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ನಮ್ಮ ವಿದ್ಯಾರ್ಥಿಗಳು ಕೇಳಿರಬಹುದಾದ ಪಾಶ್ಚಾತ್ಯ ರಾಕ್ ವಾದ್ಯವೃಂದಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಇಂಗ್ಲೆಂಡಿನ ಜೆನೆಸಿಸ್ ವೃಂದದಿಂದ ೧೯೭೫ರಲ್ಲಿ ಮುಖ್ಯ ಗಾಯಕ ಪೀಟರ್ ಗೇಬ್ರಿಯಲ್ ಹೊರಬಂದಾಗ, ಅದೇ ವೃಂದದಲ್ಲಿ ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದಾಳಾದನು. ಆಸ್ಟ್ರೇಲಿಯದ ಎಸಿ/ಡಿಸಿ ವೃಂದದ ಬಾನ್ ಸ್ಕಾಟ್ ೧೯೮೦ರ ಫೆಬ್ರವರಿಯಲ್ಲಿ ಮರಣಹೊಂದಲು, ಹೊರಗಿನವನಾದ ಬ್ರಯಾನ್ ಜಾನ್ಸನ್ ಆ ಸ್ಥಾನಕ್ಕೆ ಬಂದನು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಹೊಸ ಧ್ವನಿಮುದ್ರಿಕೆಯೂ ಹೊರಬಿದ್ದಿತು. ಮೊದಲನೆಯ ವೃಂದವು ತನ್ನೊಳಗಿನವನನ್ನೇ ಮುಂದೆ ನಿಲ್ಲಿಸಿತು. ಎರಡನೆಯದರಲ್ಲಿ ಕಂಠವು ಹೊರಗಿನಿಂದ ಬಂದರೂ ಗಿಟಾರು ನುಡಿಸುವ ಸೋದರರಾದ ಮ್ಯಾಲ್ಕಮ್ ಮತ್ತು ಆಂಗಸ್ ಯಂಗ್ ಅಲ್ಲಿಯೇ ಇದ್ದರು. ಎರಡು ಕಡೆಯಲ್ಲಿಯೂ ಹಿಮ್ಮೇಳವು ಚೆದರಲಿಲ್ಲವೆಂಬುದನ್ನು ಮರೆಯಬಾರದು. ಜೋಗತಿ ಮೇಳದ ಉತ್ತರಾಧಿಕಾರವು ಜೆನೆಸಿಸ್ ವೃಂದದ್ದನ್ನು ಹೋಲುತ್ತದೆ.

ಎಲ್ಲ ಕಲೆಗಳಲ್ಲಿಯೂ ಇದು ಸುಲಭವಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಇದಕ್ಕೆ ನಿದರ್ಶನ. ತಂದೆಯಿಂದ ವಿದ್ಯೆ ಕಲಿತು, ತಂಗಿಯನ್ನೂ ನಾದಿನಿಯನ್ನೂ ಜೊತೆಗಿಟ್ಟುಕೊಂಡು ಹಾಡಿದ ಅವರ ನೆನಪಿನಲ್ಲಿ ಕುಮಾರರಾಮನ ಕಥೆಯೂ ಸೇರಿ ಹಲವು ಮಹಾಕಾವ್ಯಗಳಿದ್ದುವು. ಅವರು ೨೦೧೪ರಲ್ಲಿ ತೀರಿಕೊಂಡರು. ಅವರು ಹಾಡಿದ ಕಾವ್ಯಗಳು ಅಚ್ಚಾಗಿರುವುದರಿಂದ ಪಠ್ಯವು ಉಳಿಯಿತು. ಆದರೆ ಅಷ್ಟು ದೀರ್ಘವಾದ ಕಥೆಯನ್ನು ಒಬ್ಬಳೇ ಧಾರಣೆಮಾಡಿ ನಡೆಸುವ ಶಕ್ತಿಯು ಗ್ರಂಥದಿಂದ ಹುಟ್ಟುವುದಿಲ್ಲ. ಭಾರವೆಲ್ಲ ಮುಂದಾಳಿನ ನೆನಪಿನ ಮೇಲೆ ಬಿದ್ದಷ್ಟೂ ಉತ್ತರಾಧಿಕಾರವು ಕಠಿನವಾಗುತ್ತದೆ. ಭಾರವು ಮೇಳದಲ್ಲಿ ಹಂಚಿಹೋದಷ್ಟೂ ಅದು ಸುಗಮವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ವಿಷಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ಕಾಳವ್ವನವರಿಂದ ಮಂಜಮ್ಮನವರಿಗೆ ಮೇಳವು ಬಂದ ಕಾಲದಲ್ಲಿ ಅದು ನಿಂತ ನೆಲವೂ ಕದಲಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಮದರಾಸು ಸರಕಾರವು ೧೯೪೭ರಲ್ಲಿಯೇ ನಿಷೇಧಿಸಿತ್ತು. ಬಳ್ಳಾರಿ ಜಿಲ್ಲೆಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದು, ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಕರ್ನಾಟಕವು ೧೯೮೨ರಲ್ಲಿ ತನ್ನದೇ ಅಧಿನಿಯಮವನ್ನು ಮಾಡಿತು. ಈ ನಿಷೇಧಗಳು ನ್ಯಾಯವಾದುವೆಂಬುದರಲ್ಲಿ ಸಂದೇಹವಿಲ್ಲ. ಬಡ ಹೆಣ್ಣುಮಕ್ಕಳ ಬಾಳನ್ನು ಹಾಳುಮಾಡಿದ ಪದ್ಧತಿಯನ್ನು ಕಲೆಯ ನೆಪದಿಂದ ಸಮರ್ಥಿಸಲಾಗದು. ಆದರೆ ಹೊಸಬರನ್ನು ಮೇಳಕ್ಕೆ ತಂದುಕೊಡುತ್ತಿದ್ದುದು ಅದೇ ದೀಕ್ಷೆಯಾದುದರಿಂದ, ಇನ್ನು ಮುಂದೆ ಚೌಡಿಕೆಯನ್ನು ಹಿಡಿಯುವವರು ಯಾರು ಎಂಬ ಪ್ರಶ್ನೆ ಉಳಿಯಿತು.

ಮಂಜಮ್ಮನವರ ನಾಯಕತ್ವದಲ್ಲಿ ಮೇಳವು ಗುಡಿಯ ಅಂಗಳದಿಂದ ಉತ್ಸವಗಳ ವೇದಿಕೆಗೆ ಬಂದುದನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ಅವರಿಗೆ ೨೦೧೦ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ೨೦೧೯ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗಪರಿವರ್ತಿತ ಸಮುದಾಯದವರೊಬ್ಬರು ಆ ಪೀಠಕ್ಕೆ ಬಂದುದು ಅದೇ ಮೊದಲು. ೨೦೨೧ರಲ್ಲಿ ಪದ್ಮಶ್ರೀ ಗೌರವವೂ ಸಂದಿತು. ಹಗರಿಬೊಮ್ಮನಹಳ್ಳಿಯು ಹೊಸ ವಿಜಯನಗರ ಜಿಲ್ಲೆಗೆ ಸೇರಿದುದೂ ಅದೇ ವರ್ಷದಲ್ಲಿ.

ವೇದಿಕೆಗೆ ಬಂದುದರಿಂದ ಕಲೆಯು ಕೆಟ್ಟಿತೆಂದು ಆಕ್ಷೇಪಿಸುವವರುಂಟು. ಇರುಳೆಲ್ಲ ನಡೆಯಬೇಕಾದುದನ್ನು ಅರ್ಧ ಗಂಟೆಗೆ ಇಳಿಸಿದರೆ ಕೊಡದ ಕುಣಿತವು ಮುಂದೆ ಬಂದು ಕಥೆಯು ಹಿಂದೆ ಸರಿಯುವುದು ಸಹಜ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಇದರ ಹೊಣೆಯನ್ನು ಹೊಸ ಮುಂದಾಳಿನ ಮೇಲೆ ಹೊರಿಸುವುದು ಸರಿಯಲ್ಲ. ಕಾಲವನ್ನು ಗೊತ್ತುಮಾಡುವವರು ಉತ್ಸವದ ವ್ಯವಸ್ಥಾಪಕರು. ಮೇಳದ ನಿಷ್ಠೆಯನ್ನು ಅಳೆಯಬೇಕಾದರೆ ಬೇರೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಅವಕಾಶ ದೊರೆತಾಗ ಪೂರ್ಣ ಕಥೆಯನ್ನು ನಡೆಸುವ ಸಾಮರ್ಥ್ಯ ಅದಕ್ಕಿದೆಯೆ? ಮುಂದಾಳು ಹಾಡುವಾಗ ಹಿಮ್ಮೇಳವು ಇನ್ನೂ ಉತ್ತರ ಕೊಡುತ್ತಿದೆಯೆ? ಹೊಸಬರು ಕಲಿಯುತ್ತಿದ್ದಾರೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಕಂಠವು ಬದಲಾದರೂ ಮೇಳವು ಅದೇ ಮೇಳ. ಇಲ್ಲವೆಂದು ಬಂದರೆ ಹಳೆಯ ಕಂಠವೇ ಇದ್ದರೂ ಅದು ಹೆಸರು ಮಾತ್ರದ ಮೇಳ.

ಮೂರನೆಯ ಪ್ರಶ್ನೆಯೇ ಈಗ ಮುಖ್ಯವಾದುದು. ದೀಕ್ಷೆಯ ಹಂಗಿಲ್ಲದೆ, ಯಾರನ್ನೂ ದೇವರಿಗೆ ಬಿಡದೆ, ಕಲಿಯಲು ಬಯಸಿದವರಿಗೆಲ್ಲ ಈ ವಿದ್ಯೆಯು ದೊರೆಯುವಂತಾದರೆ ಮಾತ್ರ ಮುಂದಿನ ಉತ್ತರಾಧಿಕಾರಕ್ಕೆ ದಾರಿಯಾದೀತು. ಇದರಲ್ಲಿ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಕೆಲಸವುಂಟು. ಮಂಜಮ್ಮನವರ ಆತ್ಮಕಥನವು ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿನಿಂದ ಪ್ರಕಟವಾಗಿದೆ. ಅಂತಹ ದಾಖಲೆ ಶ್ರುತಿ ಹಿಡಿದವರಿಗೂ ತಾಳ ಹಾಕಿದವರಿಗೂ ದೊರೆಯಬೇಕು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಾಲೇಜುಗಳಲ್ಲಿ ಓದುವವರ ಊರುಗಳಲ್ಲಿಯೇ ಚೌಡಿಕೆಯ ಪದ ಬಲ್ಲ ಹಿರಿಯರಿದ್ದಾರೆ. ಬಿರುದು ಪಡೆದವರ ಹೆಸರು ಪತ್ರಿಕೆಗಳಲ್ಲಿ ಉಳಿದೀತು. ಅವರನ್ನು ರೂಪಿಸಿದ ಹಿಮ್ಮೇಳದ ಹೆಸರನ್ನು ಬರೆದಿಡುವುದು ನಮ್ಮ ಕರ್ತವ್ಯ. ಮುಂದಿನ ಮುಂದಾಳು ಬರಬೇಕಾದುದು ಆ ಸಾಲಿನಿಂದಲೇ.