ತೋಟದ ಶಾಲೆಗಳ ವಿಲೀನ: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ವಲಯಗಳ ಪಾಲಕರಿಗೆ ಮಾಹಿತಿ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಶೈಕ್ಷಣಿಕ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಒಳಪಡುತ್ತವೆ. ನೀರಾವರಿ ಪ್ರದೇಶವಾದ ಇಲ್ಲಿ ಅನೇಕ ಕುಟುಂಬಗಳು ಊರೊಳಗೆ ವಾಸಿಸದೆ ತಮ್ಮ ತೋಟಗಳಲ್ಲಿಯೇ ಮನೆ ಕಟ್ಟಿಕೊಂಡಿವೆ. ಈ ವಸತಿಗಳ ಮಕ್ಕಳಿಗಾಗಿ ತೆರೆಯಲಾದ ಕಿರಿಯ ಪ್ರಾಥಮಿಕ ಶಾಲೆಗಳು ಜನರ ಬಾಯಲ್ಲಿ ‘ತೋಟದ ಶಾಲೆ’ಗಳು. ದಾಖಲಾತಿ ಕುಸಿದಾಗ ವಿಲೀನದ ಪ್ರಶ್ನೆ ಮೊದಲು ಏಳುವುದು ಇಂತಹ ಸಣ್ಣ ಶಾಲೆಗಳ ಬಗ್ಗೆಯೇ.

ದಿನಾಂಕ 5-7-2018ರಂದು ಮಂಡಿಸಲಾದ ರಾಜ್ಯ ಆಯವ್ಯಯದಲ್ಲಿ 28,847 ಶಾಲೆಗಳನ್ನು ಸಮೀಪದ 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾವವಿತ್ತು. ಸಾಹಿತಿಗಳು ಹಾಗೂ ಕನ್ನಡಪರ ಸಂಘಟನೆಗಳು ಅದನ್ನು ವಿರೋಧಿಸಿದವು. ಅಂದಿನಿಂದ ಈ ಚರ್ಚೆ ನಿಂತಿಲ್ಲ.

ವಿಲೀನದ ಪರವಾದ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು, ತರಗತಿಗಳು ಐದು. ಒಬ್ಬರು ತರಬೇತಿಗೆ ತೆರಳಿದ ದಿನ ಐದೂ ತರಗತಿಗಳು ಇನ್ನೊಬ್ಬರ ಪಾಲಿಗೆ ಬರುತ್ತವೆ. ದೊಡ್ಡ ಶಾಲೆಯಲ್ಲಿ ಈ ತೊಂದರೆ ಕಡಿಮೆ.

ಆದರೆ ಆರು ವರ್ಷದ ಮಗು ಅಲ್ಲಿಗೆ ತಲುಪುವುದು ಹೇಗೆ ಎಂಬುದೇ ಪಾಲಕರ ಪ್ರಶ್ನೆ. ಕಿರಿಯ ಪ್ರಾಥಮಿಕ ಶಾಲೆಯು 1 ಕಿ.ಮೀ. ಒಳಗೆ ಇರಬೇಕೆಂಬುದು ನಿಯಮ. ನಕ್ಷೆಯಲ್ಲಿ ಅಷ್ಟೇ ಕಾಣುವ ದೂರ, ಹಳ್ಳ ತುಂಬಿದಾಗ ಅಥವಾ ಕಾಲುವೆಯ ಸೇತುವೆ ಸುತ್ತಿ ಹೋಗಬೇಕಾದಾಗ ಇಮ್ಮಡಿಯಾಗಬಹುದು. ಆಳೆತ್ತರ ಬೆಳೆದ ಕಬ್ಬಿನ ನಡುವಿನ ದಾರಿಯಲ್ಲಿ ಹೆಣ್ಣುಮಕ್ಕಳನ್ನು ಒಂಟಿಯಾಗಿ ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ; ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಭಯ ಬೇರೆ. ಹೀಗಾಗಿ ದೂರವನ್ನು ಮಗು ನಡೆಯುವ ದಾರಿಯಲ್ಲಿಯೇ ಅಳೆಯುವುದು ಸೂಕ್ತ. ಉರ್ದು ಅಥವಾ ಮರಾಠಿ ಶಾಲೆಯಾಗಿದ್ದಲ್ಲಿ ಸಮೀಪದ ಶಾಲೆಯ ಬೋಧನಾ ಮಾಧ್ಯಮವನ್ನೂ ನೋಡತಕ್ಕದ್ದು.

ಆಕ್ಷೇಪಣೆ ಇರುವ ಪಾಲಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸಿ, ನಡವಳಿಯಲ್ಲಿ ದಾಖಲಿಸಿಕೊಳ್ಳುವುದು ಒಳಿತು. ಬಾಯಿಮಾತಿನ ದೂರು ಕಡತಕ್ಕೆ ಸೇರುವುದಿಲ್ಲ. ಠರಾವಿನ ಪ್ರತಿಯೊಂದಿಗೆ ಮಕ್ಕಳ ಸಂಖ್ಯೆ, ನಡಿಗೆಯ ದೂರ ಹಾಗೂ ದಾರಿಯ ಅಡೆತಡೆಗಳನ್ನು ನಮೂದಿಸಿದ ಲಿಖಿತ ಮನವಿಯನ್ನು ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಚಿಕ್ಕೋಡಿಯ ಉಪನಿರ್ದೇಶಕರಿಗೆ ಮನವಿ ಸಲ್ಲಿಸಬಹುದು. ವಿಲೀನಕ್ಕೆ ಒಪ್ಪಿಗೆಯಿದ್ದರೂ ವಾಹನ ಅಥವಾ ಬೆಂಗಾವಲು ಸೌಲಭ್ಯವನ್ನು ಇದೇ ಮನವಿಯಲ್ಲಿ ಕೋರಬಹುದು.

ಮಗು ಬೇರೆ ಸರ್ಕಾರಿ ಶಾಲೆಗೆ ಸೇರುವಾಗ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ (ಕಾಯ್ದೆಯ ಪ್ರಕರಣ 5).